ನಲವತ್ತಾರು ಜನಕ್ಕೆ ಒಂದೇ ಕೋಟು

ಆ ಊರಿನಲ್ಲಿ ಮೀಸೆ ಮೂಡಿದ ಗಂಡಸರೆಲ್ಲ ಒಮ್ಮೆಯಾದರೂ ಆ ಕೋಟಿನೊಳಗೆ ಹೊಕ್ಕು ಹೊರಬಂದವರೇ. ಕೋಟು ಇದ್ದದ್ದು ಒಂದೇ. ಬೂದು ಬಣ್ಣ, ನಾಲ್ಕು ಗುಂಡಿ, ಎದೆಯ ಮೇಲೊಂದು ಜೇಬು. ಜೇಬಿನಿಂದ ಇಣುಕುವ ಬಿಳಿ ಕರವಸ್ತ್ರವನ್ನು ಯಾರೂ ಎಗರಿಸಿಕೊಂಡು ಹೋಗದಿರಲಿ ಎಂದು ಜೇಬಿಗೇ ಸೇರಿಸಿ ಹೊಲಿದಿತ್ತು. ಆನೆಯಂಥ ಆಳಿಗೂ ಆಗಬೇಕು, ಕಡ್ಡಿಯಂಥವನಿಗೂ ಆಗಬೇಕು ಎಂದು ಧಾರಾಳವಾಗಿ ಹೊಲಿದ ಕೋಟು. ಕಡ್ಡಿಯಂಥವನು ಬಂದರೆ ಬೆನ್ನ ಹಿಂದೆ ಬಟ್ಟೆ ಒಣಗಿಸುವ ಕ್ಲಿಪ್ಪು ಸಿಕ್ಕಿಸಿ ಬಿಗಿ ಮಾಡುತ್ತಿದ್ದರು. ಮುಂದಿನಿಂದ ನೋಡಿದರೆ ಸಾಹೇಬ, ಹಿಂದಿನಿಂದ ನೋಡಿದರೆ ಬಟ್ಟೆ ಹರವಿದ ಹಗ್ಗ. ಇರಲಿ, ಫೋಟೋಕ್ಕೆ ಬೆನ್ನು ಯಾರಿಗೆ ಬೇಕು?

ಮುಖ್ಯ ಬೀದಿಯಲ್ಲಿ, ಬಸ್ಸು ನಿಲ್ಲುವ ಜಾಗಕ್ಕೆ ಎದುರಾಗಿ ಒಂದು ಉದ್ದನೆಯ ಕಟ್ಟಡ. ಅಪ್ಪ ಬದುಕಿದ್ದಾಗಲೇ ಅದನ್ನು ಇಬ್ಬರು ಮಕ್ಕಳಿಗೂ ಸಮನಾಗಿ ಹಂಚಿ ನಡುವೆ ಹಲಗೆಯ ಗೋಡೆ ಎಬ್ಬಿಸಿದ್ದ. ಈ ಕಡೆ ತಮ್ಮನ ಫೋಟೋ ಸ್ಟುಡಿಯೋ, ಆ ಕಡೆ ಅಕ್ಕನ ಹೊಲಿಗೆ ಅಂಗಡಿ. ಕೋಟು ಹೊಲಿದವಳೂ ಅಕ್ಕನೇ. ಹಲಗೆ ಎಷ್ಟು ತೆಳುವೆಂದರೆ, ಈ ಕಡೆ ತಮ್ಮ ಕೆಮ್ಮಿದರೆ ಆ ಕಡೆಯಿಂದ "ನೀರು ಕುಡಿಯೋ, ಕತ್ತೆ" ಎಂದು ಬೈಗುಳ ಬರುತ್ತಿತ್ತು.

ತಮ್ಮನಿಗೆ ಆಗಲೇ ಐವತ್ತು ದಾಟಿತ್ತು. ಊರೆಲ್ಲ ಅವನನ್ನು ಉಸಿರಣ್ಣ ಎಂದು ಕರೆಯುತ್ತಿತ್ತು. ಫೋಟೋ ಹೊಡೆಯುವ ಮುಂಚೆ "ಉಸಿರು ಹಿಡೀರಿ" ಅನ್ನುವುದು ಅವನ ಚಟ. ಹೊಡೆದ ಮೇಲೆ "ಬಿಡಿ" ಅನ್ನುವುದನ್ನು ಮಾತ್ರ ಮರೆತೇಬಿಡುತ್ತಿದ್ದ. ಪಾಪ, ಎಷ್ಟೋ ಜನ ಮುಖ ಕೆಂಪಗೆ ಮಾಡಿಕೊಂಡು ಸ್ಟೂಲಿನ ಮೇಲೆ ಹಾಗೇ ಕೂತಿರುತ್ತಿದ್ದರು.

ಅಕ್ಕನ ಮಿಷನ್ನು ಬೆಳಿಗ್ಗೆ ಎಂಟಕ್ಕೆ ಶುರುವಾದರೆ ಸಂಜೆ ದೀಪ ಹಚ್ಚುವವರೆಗೂ ಟರಟರ ಅನ್ನುತ್ತಲೇ ಇರುತ್ತಿತ್ತು. ದಿನಕ್ಕೆ ಒಂದೇ ಸಲ, ಅದೂ ನಾಲ್ಕು ಗಂಟೆಗೆ ಸರಿಯಾಗಿ ನಿಲ್ಲುತ್ತಿತ್ತು. ಗೇಟಿನ ಕಡೆಯಿಂದ ಬಸ್ಸು ಬರುವ ಹೊತ್ತು ಅದು. ಅಕ್ಕ ಪೆಡಲಿನಿಂದ ಕಾಲು ತೆಗೆದು, ಸೂಜಿಯನ್ನು ಬಟ್ಟೆಯಲ್ಲೇ ಬಿಟ್ಟು, ಬಾಗಿಲ ಕಡೆ ನೋಡುತ್ತ ಕೂರುತ್ತಿದ್ದಳು. ಕೊನೆಯವನು ಇಳಿದು, ಬಸ್ಸು ಹೊರಟುಹೋಗಿ, ಧೂಳು ಕೂತ ಮೇಲೆ ಮತ್ತೆ ಟರಟರ. ಹನ್ನೊಂದು ವರ್ಷದಿಂದ ಹೀಗೇ. ಊರಿನವರು ಆ ಸದ್ದು ನಿಂತದ್ದನ್ನು ಕೇಳಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ಯಾಕೆ ನಿಲ್ಲುತ್ತದೆ ಎಂದು ಮಾತ್ರ ಯಾರೂ ಬಾಯಿಬಿಟ್ಟು ಕೇಳುತ್ತಿರಲಿಲ್ಲ.

ಗೇಟು ಎಂದರೆ ಊರಿಂದ ಮೂರು ಮೈಲಿ ಆಚೆ ಇರುವ ಗಡಿಯ ಗೇಟು. ಅದರ ಈ ಬದಿ ಈಚೆ, ಆ ಬದಿ ಆಚೆ. ಕಾಗದ ಸರಿಯಿದ್ದರೆ ಬೆಳಿಗ್ಗೆ ಆಚೆ ಹೋಗಿ ಸಂಜೆ ಈಚೆ ಬರಬಹುದಿತ್ತು. ಅಕ್ಕನಿಗೆ ಗಂಡ ಇಲ್ಲ, ಇದ್ದವನು ಒಬ್ಬನೇ ಮಗ. ಹೊಲಿಗೆ ಮಿಷನ್ ರಿಪೇರಿ ಮಾಡುತ್ತಿದ್ದ. ಅದರ ಬಿಡಿಭಾಗಗಳು ಆಚೆ ಚೆನ್ನಾಗಿ ಸಿಗುತ್ತಿದ್ದುದರಿಂದ ತಿಂಗಳಿಗೆ ಎರಡು ಸಲವಾದರೂ ಹೋಗಿಬರುತ್ತಿದ್ದ. ಹನ್ನೊಂದು ವರ್ಷದ ಹಿಂದೆ ಒಂದು ದಿನ ಸ್ಟುಡಿಯೋಕ್ಕೆ ಬಂದು, "ಮಾವ, ಗೇಟಿನ ಕಾಗದಕ್ಕೆ ಚಿಕ್ಕದೊಂದು ಬೇಕು. ಹಾಗೇ ಅಮ್ಮಂಗೆ ಅಂತ ದೊಡ್ಡದೊಂದು ತೆಗಿ" ಎಂದ. ಉಸಿರಣ್ಣ ಕೋಟು ತೊಡಿಸಿ, ಕ್ಲಿಪ್ಪು ಸಿಕ್ಕಿಸಿ, ಉಸಿರು ಹಿಡಿಯೋ ಎಂದ. ಹುಡುಗ ಹಿಡಿದ. ಸರಿಯಾಗಿ ಬಟನ್ ಒತ್ತುವ ಹೊತ್ತಿಗೆ ಹಿಂದಿನ ಕ್ಲಿಪ್ಪು ಪಟ್ಟೆಂದು ಹಾರಿ, ಎಡ ಭುಜ ಜಾರಿ, ಅವನಿಗೆ ನಗು ತಡೆಯಲಾಗಲಿಲ್ಲ. ಆ ನಗು ಇನ್ನೂ ತುಟಿಗೆ ಬಂದಿಲ್ಲ, ಕಣ್ಣಿಗೆ ಬಂದಿದೆ. ಅಷ್ಟರಲ್ಲಿ ಫೋಟೋ ತೆಗೆದಾಗಿತ್ತು. ಮೂವತ್ತು ವರ್ಷದ ಕಸುಬಿನಲ್ಲಿ ಅಂಥ ಫೋಟೋ ಉಸಿರಣ್ಣನ ಕೈಯಿಂದ ಇನ್ನೊಂದು ಬರಲಿಲ್ಲ.

ಎರಡು ದಿನ ಬಿಟ್ಟು ಹುಡುಗ ಆಚೆ ಹೊರಟ. ದೊಡ್ಡ ಫೋಟೋ ಇನ್ನೂ ತೊಳೆದಿರಲಿಲ್ಲ. ಅದರ ಚೀಟಿಯನ್ನು ಅಮ್ಮನ ಕೈಗಿಟ್ಟು, "ಕಳೀಬೇಡಮ್ಮ, ಸಂಜೆ ಬಂದು ನಾನೇ ತಗೋತೀನಿ" ಎಂದು ಬಸ್ಸು ಹತ್ತಿದ. ಅವತ್ತು ಮಧ್ಯಾಹ್ನ ಗೇಟು ಮುಚ್ಚಿತು. ಯಾಕೆ ಮುಚ್ಚಿತೋ ಮುಚ್ಚಿದವರಿಗೇ ಗೊತ್ತು. ಎಂಟು ತಿಂಗಳ ಮೇಲೆ ತೆರೆದಾಗ ಆಚೆ ಸಿಕ್ಕಿಹಾಕಿಕೊಂಡವರು ಒಬ್ಬೊಬ್ಬರಾಗಿ ವಾಪಸ್ಸು ಬಂದರು. ಅವನು ಬರಲಿಲ್ಲ. ಅಕ್ಕ ತಮ್ಮ ಇಬ್ಬರೂ ಅಲೆಯದ ಕಚೇರಿಯಿಲ್ಲ. ಎಲ್ಲ ಕಡೆಯೂ "ನೋಡ್ತೀವಿ" ಎಂದರು. ಇದ್ದಾನೆ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ.

ಸ್ಟುಡಿಯೋದಲ್ಲಿ ಅಪ್ಪನ ಕಾಲದಿಂದ ನಡೆದುಬಂದ ಒಂದು ಕಟ್ಟುನಿಟ್ಟು ಇತ್ತು. ಚೀಟಿ ತಂದವರಿಗೆ ಮಾತ್ರ ಫೋಟೋ. ಚೀಟಿ ಇಲ್ಲದೆ ಕಟ್ಟಿಕೊಂಡ ಹೆಂಡತಿ ಬಂದು ಗೋಗರೆದರೂ ಕೊಡುವ ಹಾಗಿಲ್ಲ. ಹಾಗೆ ಯಾರೂ ಬಂದು ಒಯ್ಯದ ಫೋಟೋಗಳೆಲ್ಲ ಕಬ್ಬಿಣದ ಒಂದು ಬೀರುವಿನಲ್ಲಿ ಕೂತಿದ್ದವು. ಜಗಳ ಆಡಿ ಬಿಟ್ಟವರು, ಮರೆತವರು, ಸೋಮಾರಿಗಳು, ಊರು ಬಿಟ್ಟವರು. ಕಟಿಂಗ್ ಶಾಪಿನವನು ತನ್ನ ಫೋಟೋ ನೋಡಿ, "ಇದು ನನ್ನ ಮೂಗೇ ಅಲ್ಲ" ಎಂದು ಚೀಟಿ ಹರಿದು ಎಸೆದು ಹೋಗಿದ್ದ. ಅದೂ ಅಲ್ಲೇ ಇತ್ತು. ಅಕ್ಕನ ಮಗನದೂ ಅಲ್ಲೇ, ಮೇಲಿನ ಅರೆಯಲ್ಲಿ, ಹಳದಿ ಲಕೋಟೆಯಲ್ಲಿ.

ಅಕ್ಕ ಆ ಫೋಟೋವನ್ನು ಒಮ್ಮೆಯೂ ಕೇಳಲಿಲ್ಲ. ಚೀಟಿ ಮಾತ್ರ ಸೂಜಿ ಡಬ್ಬಿಯಲ್ಲಿ ಜೋಪಾನವಾಗಿತ್ತು. ಮೊದಲ ವರ್ಷ ಉಸಿರಣ್ಣ ತಡೆಯಲಾರದೆ, "ತಂದುಕೊಡ್ಲಾ ಅಕ್ಕ? ಕಣ್ಣ ಮುಂದೆ ಇರುತ್ತೆ" ಎಂದಿದ್ದಕ್ಕೆ ಅವಳು ಕೆಂಡಾಮಂಡಲವಾಗಿದ್ದಳು. "ಅವನ ಫೋಟೋ ಅವನೇ ಬಂದು ತಗೋತಾನೆ. ನಿಂಗ್ಯಾಕೋ ಆತುರ?" ಆಮೇಲೆ ಅವನು ಆ ಮಾತು ಎತ್ತಲಿಲ್ಲ.

ಇನ್ನು ಹೊರಗಿನವರ ಮಾತು. ಅವರಿಗೆ ಆ ಊರು ಎಂದರೆ ಗೇಟು, ಅಷ್ಟೇ. ಗೇಟು ಮುಚ್ಚಿದರೆ ಪೇಪರಿನವರು ಬರುತ್ತಿದ್ದರು, ತೆರೆದರೂ ಬರುತ್ತಿದ್ದರು. ಬಂದವರು ಮುರಿದ ಗೋಡೆ ಎಲ್ಲಿದೆ, ಅಳುವವರು ಯಾರಿದ್ದಾರೆ ಎಂದು ಉಸಿರಣ್ಣನನ್ನೇ ಕೇಳುತ್ತಿದ್ದರು. ಊರಿನಲ್ಲಿ ನೀಲಿ ಬಾಗಿಲು, ಹಸಿರು ಕಿಟಕಿ, ಶಾಲೆ, ಐಸ್ ಕ್ಯಾಂಡಿ ಗಾಡಿ, ಗಂಡ ಹೆಂಡಿರ ಜಗಳ ಎಲ್ಲವೂ ಇತ್ತು. ಅದಾವುದೂ ಅವರ ಕಣ್ಣಿಗೆ ಬೀಳಲಿಲ್ಲ. ಉಸಿರಣ್ಣ ಅಂಥ ಪೇಪರುಗಳನ್ನೆಲ್ಲ ಕತ್ತರಿಸಿ ಇಟ್ಟುಕೊಂಡಿದ್ದ. ಅಷ್ಟರಲ್ಲೂ ನಗುವ ಒಂದು ಮುಖ ಇರಲಿಲ್ಲ. "ಮೂವತ್ತು ವರ್ಷದಿಂದ ನಾನು ಇದೇ ಜನರ ಮುಖ ತೆಗೀತಾ ಇದ್ದೀನಿ. ನನ್ನದನ್ನ ಯಾವ ಬಡ್ಡಿಮಗನೂ ಕೇಳಲ್ಲ" ಎಂದು ಹೊಟ್ಟೆ ಉರಿದುಕೊಳ್ಳುತ್ತಿದ್ದ. ಅವನ ಹೆಂಡತಿ, "ನಿಮ್ಮ ಫೋಟೋದಲ್ಲೂ ಯಾರೂ ನಗಲ್ಲ, ಉಸಿರು ಕಟ್ಟಿ ಸಾಯ್ತಿರ್ತಾರೆ" ಎಂದು ಮೂಗು ಮುರಿಯುತ್ತಿದ್ದಳು.

ಹೀಗಿರುವಾಗ ಸಿನಿಮಾದವರು ಬಂದರು.

ಎಂಟು ಲಾರಿ ಸಾಮಾನು, ನೂರಾರು ಜನ. ಗಡಿಯ ಕಥೆಯಂತೆ, ದೊಡ್ಡ ಹೀರೋ ಅಂತೆ. ಮೂರನೇ ದಿನ ಸೆಟ್ಟು ಹಾಕಿಸುವ ಯುವಕ ಸ್ಟುಡಿಯೋಕ್ಕೆ ಬಂದ. ತುಂಬಾ ಮರ್ಯಾದಸ್ಥ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು, ಗೋಡೆಯ ಮೇಲಿನ ಫೋಟೋಗಳನ್ನು ಒಂದೊಂದಾಗಿ ನೋಡಿದ. ಕೈ ಹಿಂದೆ ಕಟ್ಟಿಕೊಂಡು ಅಷ್ಟು ಹೊತ್ತು ತನ್ನ ಕೆಲಸ ನೋಡಿದ ಹೊರಗಿನವನು ಅವನೇ ಮೊದಲು. ಉಸಿರಣ್ಣ ಕರಗಿ ನೀರಾಗಿಬಿಟ್ಟ.

"ಅಣ್ಣ, ನಮಗೆ ಇಂಥವೇ ಬೇಕು. ಅಸಲಿ ಮುಖಗಳು" ಎಂದ ಸೆಟ್ಟಿನವನು. "ಒಂದು ದೊಡ್ಡ ಗೋಡೆ ಕಟ್ತಿದ್ದೀವಿ. ಅದರ ತುಂಬ ಹಾಕ್ತೀವಿ. ಈ ಊರಿನ ಜನ ಅಂತ ಪ್ರಪಂಚಕ್ಕೆಲ್ಲ ತೋರಿಸ್ತೀವಿ."

"ಆಚೆ ಕಡೆಗೂ ಹೋಗುತ್ತಾ ನಿಮ್ಮ ಸಿನಿಮಾ?"

"ಅಯ್ಯೋ, ಮನುಷ್ಯರು ಹೋಗದ ಕಡೆಗೂ ಸಿನಿಮಾ ಹೋಗುತ್ತೆ ಬಿಡಿ ಅಣ್ಣ. ಎಲ್ಲರ ಫೋನಲ್ಲೂ ಬರುತ್ತೆ."

ಆ ಮಾತು ಉಸಿರಣ್ಣನ ತಲೆಯಲ್ಲಿ ಹುಳ ಬಿಟ್ಟಂತೆ ಆಯಿತು. ಬೀರುವಿನ ಬೀಗ ತೆಗೆದು ಯಾರೂ ಒಯ್ಯದ ಫೋಟೋಗಳನ್ನೆಲ್ಲ ಮೇಜಿನ ಮೇಲೆ ಹರಡಿದ. ಎಣಿಸಿದರೆ ನಲವತ್ತೈದು, ಎಲ್ಲವೂ ಅದೇ ಕೋಟಿನವು. ಮೇಲಿನ ಅರೆಗೆ ಕೈ ಹೋಯಿತು, ವಾಪಸ್ಸು ಬಂತು, ಮತ್ತೆ ಹೋಯಿತು. ಹುಡುಗ ಆಚೆ ಎಲ್ಲೋ ಇದ್ದಾನೆ, ಯಾವುದೋ ಊರಿನಲ್ಲಿ ಮಿಷನ್ ರಿಪೇರಿ ಮಾಡುತ್ತಿದ್ದಾನೆ, ಬರಲಾಗದೆಯೋ ಮನಸ್ಸಿಲ್ಲದೆಯೋ ಕೂತಿದ್ದಾನೆ ಎಂದಿಟ್ಟುಕೊಳ್ಳಿ. ಒಂದು ದಿನ ಅವನ ಕಣ್ಣಿಗೆ ಅವನದೇ ಮುಖ, ಅವನಮ್ಮ ಹೊಲಿದ ಕೋಟಿನ ಸಮೇತ ಬಿದ್ದರೆ? ಇಲ್ಲವೇ ಪಕ್ಕದವನು ನೋಡಿ, "ಲೇ, ಇದು ನೀನೇ ಅಲ್ವೇನೋ" ಎಂದರೆ? ಹನ್ನೊಂದು ವರ್ಷ ಯಾವ ಕಚೇರಿಯೂ ಮುಟ್ಟಿಸದ ಮಾತನ್ನು ಒಂದು ಸಿನಿಮಾ ಮುಟ್ಟಿಸಿದರೆ? ಹಳದಿ ಲಕೋಟೆಯನ್ನು ತೆಗೆದು ಎಲ್ಲಕ್ಕಿಂತ ಮೇಲೆ ಇಟ್ಟ.

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. "ಚೀಟಿ ಇಲ್ದೆ ಕೊಡ್ತಿದ್ದೀರಲ್ಲ? ಮಾವ ಇದ್ದಿದ್ರೆ ಕೈ ಮುರೀತಿದ್ರು."

"ಸಿನಿಮಾದವರಿಗೆ ಎಂಥ ಚೀಟಿ?"

"ಅಕ್ಕನ್ನಾದ್ರೂ ಒಂದು ಮಾತು ಕೇಳಿದ್ರಾ?"

"ಶ್! ಹಲಗೆಗೆ ಕಿವಿ ಇದೆ. ಸಿನಿಮಾ ಬಂದ ದಿನ ನಾನೇ ಕರ್ಕೊಂಡು ಹೋಗಿ ತೋರಿಸ್ತೀನಿ. ನೀನು ಬಾಯಿ ಹಾಕಬೇಡ."

ಅವಳು ಬಾಯಿ ಹಾಕಲಿಲ್ಲ. ಮುಂದೆ ಎಷ್ಟೋ ಸಲ, ಅವತ್ತು ಹಾಕಬೇಕಿತ್ತು ಎಂದು ಹಲುಬಿದಳು.

ಸಿನಿಮಾದವರು ಹದಿನೈದು ದಿನ ಇದ್ದರು. ಬೀದಿ ನೋಡಿ ಅವರಿಗೆ ಸಮಾಧಾನವಾಗಲಿಲ್ಲ. ಗಡಿ ಊರು ಅಂದರೆ ಇಷ್ಟು ಬಣ್ಣ ಇರಬಾರದಂತೆ. ನೀಲಿ ಬಾಗಿಲಿಗೂ ಹಸಿರು ಕಿಟಕಿಗೂ ಬೂದು ಬಣ್ಣ ಬಳಿದರು. ಶಾಲೆಯ ಕಾಂಪೌಂಡಿಗೆ ಗುಂಡು ಬಿದ್ದ ತೂತು ಕೊರೆದರು. ಐಸ್ ಕ್ಯಾಂಡಿಯವನಿಗೆ ಗಾಡಿ ಮನೆಯಲ್ಲಿಟ್ಟು ಬಾ ಎಂದರು. ಎಲ್ಲ ಮುಗಿದ ಮೇಲೆ ಮೊದಲಿನ ಬಣ್ಣ ಹಾಕಿಸಿಕೊಡುತ್ತೇವೆ ಎಂದಿದ್ದರು, ಎಲ್ಲ ಮುಗಿದ ಮೇಲೆ ಹೇಳದೆ ಕೇಳದೆ ಲಾರಿ ಹತ್ತಿದರು. ಫೋಟೋಗಳನ್ನೂ ವಾಪಸ್ಸು ಕಳಿಸುತ್ತೇವೆ ಎಂದಿದ್ದರು. ಬೂದು ಬಾಗಿಲುಗಳನ್ನು ನೋಡಿ ನೋಡಿ ಊರಿನವರಿಗೂ ಅಭ್ಯಾಸವಾಗಿ, ಬಣ್ಣ ಹಾಕಿಸುವ ಉತ್ಸಾಹ ಯಾರಿಗೂ ಬರಲಿಲ್ಲ.

ಒಂದು ವರ್ಷದ ಮೇಲೆ ಸಿನಿಮಾ ಊರಿನ ಟಾಕೀಸಿಗೆ ಬಂತು. ಮೊದಲ ದಿನವೇ, ಹನ್ನೊಂದು ಗಂಟೆಯ ಆಟಕ್ಕೆ, ಉಸಿರಣ್ಣ ಅಕ್ಕನನ್ನು ಹೊರಡಿಸಿದ. ಅವಳು ಸಿನಿಮಾ ನೋಡಿ ಯಾವ ಕಾಲವಾಗಿತ್ತೋ. "ಹೊಲಿಯೋಕೆ ರಾಶಿ ಬಿದ್ದಿದೆ, ಬಿಡೋ" ಎಂದಳು. "ನಿಂಗೊಂದು ತೋರಿಸಬೇಕು, ಬಾರೇ" ಎಂದು ಇವನು ಚಿಕ್ಕ ಹುಡುಗನ ಹಾಗೆ ಕೈ ಹಿಡಿದು ಎಳೆದ. ನಾಲ್ಕಕ್ಕೆ ಮುಂಚೆ ಬಿಡುತ್ತಾರೆ ತಾನೇ ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡು, ಒಳ್ಳೆಯ ಸೀರೆ ಉಟ್ಟು ಬಂದಳು.

ಟಾಕೀಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಊರಿನವರೆಲ್ಲ ತಮ್ಮ ಊರನ್ನು ನೋಡಲು ಬಂದಿದ್ದರು. ಅರ್ಧ ಸಿನಿಮಾ ಆದರೂ ಅವರಿಗೆ ಅವರ ಊರು ಸಿಗಲಿಲ್ಲ. ಬೀದಿ ಅದೇ, ಬಾವಿ ಅದೇ, ಆದರೆ ತುಂಬ ಹೊಗೆ, ಮೂಲೆಮೂಲೆಯಲ್ಲಿ ಹಲ್ಲು ಕಚ್ಚಿಕೊಂಡು ಮಾತಾಡುವ ಜನ. ಸಿನಿಮಾದ ಹಾಲಿನವನ ಕ್ಯಾನಿನಲ್ಲಿ ಹಾಲೊಂದು ಬಿಟ್ಟು ಪಿಸ್ತೂಲು, ಮದ್ದುಗುಂಡು ಎಲ್ಲ ಇತ್ತು. "ನಮ್ಮೂರ ಹಾಲಿಗಿಂತ ಇದೇ ಗಟ್ಟಿ!" ಎಂದು ಯಾರೋ ಕೂಗಿದರು, ಹಾಲಿನವನನ್ನೂ ಸೇರಿಸಿ ಎಲ್ಲರೂ ನಕ್ಕರು. ಉಸಿರಣ್ಣ ನಗಲಿಲ್ಲ. ಅವನು ಗೋಡೆಗಾಗಿ ಕಾಯುತ್ತಿದ್ದ.

ಗೋಡೆ ಕೊನೆಗೆ ಬಂತು. ಕತ್ತಲೆಯ ದೊಡ್ಡ ಹಜಾರ, ಸಾಲಾಗಿ ಮೇಣದ ಬತ್ತಿ. ಹೀರೋ ಗಾಯದ ಕೈಯಲ್ಲಿ ಒಂದು ದೀಪ ಹಿಡಿದು ಒಳಗೆ ಬರುತ್ತಾನೆ. ಗೋಡೆಯ ತುಂಬ ಉಸಿರಣ್ಣನ ಫೋಟೋಗಳು, ಪ್ರತಿಯೊಂದಕ್ಕೂ ಕಪ್ಪು ಚೌಕಟ್ಟು. ಹೀರೋನ ದನಿ ಕೇಳಿಸಿತು: "ಒಂದೇ ಸಮವಸ್ತ್ರ ತೊಟ್ಟು ಹೋದ ನಲವತ್ತಾರು ಮಂದಿ. ಇವರಲ್ಲಿ ಒಬ್ಬನೂ ತಿರುಗಿ ಬರಲಿಲ್ಲ."

ಒಂದು ಗಳಿಗೆ ಟಾಕೀಸಿಗೆ ಅರ್ಥವೇ ಆಗಲಿಲ್ಲ. ಆಮೇಲೆ ನಗು ಸಿಡಿಯಿತು. ಪರದೆಯ ಮೇಲೆ ಒಂದೊಂದೇ ಮುಖ ಬಂದಂತೆ ಒಂದೊಂದು ಮೂಲೆಯಿಂದ ಕೂಗು. "ಅದು ನಮ್ಮ ಪೋಸ್ಟ್ ಮಾಸ್ಟರು!" "ಲೇ, ನಿಮ್ಮಪ್ಪ ಕಣೋ!" ಕಟಿಂಗ್ ಶಾಪಿನವನ ಮುಖ ಬಂದಾಗಲಂತೂ ಹಿಂದಿನ ಬೆಂಚಿನವನು ಎದ್ದು ನಿಂತು, "ಏನಯ್ಯಾ, ನೀನು ಯಾವಾಗ ಸತ್ತೆ? ನಿನ್ನೆ ತಾನೇ ನನ್ನ ಕೆನ್ನೆ ಕುಯ್ದೆಯಲ್ಲ!" ಎಂದ. ಕಟಿಂಗ್ ಶಾಪಿನವನು ಕುರ್ಚಿಯ ಮೇಲೆ ಹತ್ತಿ, "ಅದು ನನ್ನ ಮೂಗಲ್ಲ ಅಂತ ಅವತ್ತೇ ಬಡ್ಕೊಂಡೆ!" ಎಂದು ಕೂಗಿದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಂದೇ ಕೋಟು ನಲವತ್ತಾರು ಮಂದಿಯ ಪಡೆಯಾದದ್ದನ್ನು ಕಂಡು, ಅದರೊಳಗೆ ಹೊಕ್ಕು ಬಂದ ಗಂಡಸರು ಕಣ್ಣೀರು ಬರುವವರೆಗೆ ನಕ್ಕರು.

ಬೇಡ, ಮುಂದೆ ಬೇಡ ಎಂದು ಉಸಿರಣ್ಣ ಒಳಗೊಳಗೇ ಅಂಗಲಾಚುತ್ತಿದ್ದ. ಆದರೆ ಒಳ್ಳೆಯ ಫೋಟೋ ಯಾವುದೆಂದು ಸಿನಿಮಾದವರಿಗೂ ಗೊತ್ತಿತ್ತು. ದೀಪ ನಿಧಾನವಾಗಿ ಸರಿದು ಕೊನೆಯ ಚೌಕಟ್ಟಿನ ಮುಂದೆ ನಿಂತಿತು. ಜಾರಿದ ಎಡ ಭುಜ. ತುಟಿಗಿನ್ನೂ ಬಾರದ ನಗು. ಹೀರೋ ತನ್ನ ತೋಳಿನಿಂದ ಗಾಜಿನ ಧೂಳು ಒರೆಸಿ, ತಲೆ ತಗ್ಗಿಸಿ, ಆ ಫೋಟೋದ ಮುಂದಿನ ಬತ್ತಿಯನ್ನು ಊದಿ ಆರಿಸಿದ.

ಟಾಕೀಸು ಗಪ್ಪಾಯಿತು. ಅಷ್ಟು ಹೊತ್ತು ನಕ್ಕವರಿಗೆ ಬಾಯಿ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಅಕ್ಕ ಆಟದ ಶುರುವಿನಿಂದ ತಮ್ಮನ ಮುಂಗೈ ಹಿಡಿದು ಕೂತಿದ್ದಳು. ಈಗ ತನ್ನ ಕೈ ಬಿಡಿಸಿಕೊಂಡು ಮಡಿಲಲ್ಲಿ ಇಟ್ಟುಕೊಂಡಳು.

ಹೊರಗೆ ಬಿಸಿಲು ಸುರಿಯುತ್ತಿತ್ತು. ಜನ ಎರಡು ಬದಿಗೆ ಸರಿದು ಅವರಿಬ್ಬರಿಗೆ ದಾರಿ ಬಿಟ್ಟರು.

"ಅಕ್ಕಾ, ಅದು ಬರೀ ಸಿನಿಮಾ ಕಣೇ" ಎಂದ ಉಸಿರಣ್ಣ, ಅರ್ಧ ದಾರಿಯಲ್ಲಿ. "ಕಟಿಂಗ್ ಶಾಪಿನವನ್ನೂ ಸಾಯಿಸಿದಾರೆ. ಅವನು ಅಲ್ಲೇ ಕೂತು ಕಿರುಚ್ತಿರಲಿಲ್ವಾ?"

"ಬಿಸಿಲು ಜೋರಾಗಿದೆ. ಬೇಗ ನಡಿ" ಎಂದಳು ಅಕ್ಕ.

ಅವಳು ಅವತ್ತೂ ಮರುದಿನವೂ ಅಂಗಡಿ ತೆರೆಯಲಿಲ್ಲ. ಉಸಿರಣ್ಣ ಹಲಗೆಗೆ ಕಿವಿಗೊಟ್ಟು ಕೂತಿದ್ದ. ಕುರ್ಚಿ ಎಳೆದ ಸದ್ದೂ ಇಲ್ಲ. ಸೆಟ್ಟಿನವನಿಗೆ ಇಪ್ಪತ್ತು ಸಲ ಫೋನ್ ಮಾಡಿದ, ಆ ನಂಬರು ಈಗ ಬಳಕೆಯಲ್ಲಿರಲಿಲ್ಲ.

ಮೂರನೇ ದಿನ ಟೀವಿಯವರು ಬಂದರು. ಸಿನಿಮಾ ನೋಡಿದ ದೊಡ್ಡ ಊರುಗಳಲ್ಲಿ ಆ ನಲವತ್ತಾರು ಮಂದಿ ನಿಜವಾಗಿ ಇದ್ದವರೇ ಎಂದು ಗುಲ್ಲೆದ್ದಿತ್ತಂತೆ. ಯಾರೋ ತಿಳಿದವರು ಟೀವಿಯಲ್ಲಿ ಕೂತು, ಬೂದು ಕೋಟನ್ನು ಕಡ್ಡಿಯಿಂದ ತೋರಿಸಿ, ಇದು ಗಡಿಯ ಗುಪ್ತದಳದ ಸಮವಸ್ತ್ರ ಎಂದಿದ್ದರು. ಕೊನೆಯ ಹುಡುಗನ ಜಾರಿದ ಭುಜ ನೋಡಿ, ಅಲ್ಲಿ ಗುಂಡೇಟು ಬಿದ್ದಿರಬೇಕು ಎಂದಿದ್ದರು. ಉಸಿರಣ್ಣ ಕೋಟನ್ನೂ ಕ್ಲಿಪ್ಪುಗಳನ್ನೂ ಎತ್ತಿಕೊಂಡು ಬೀದಿಗೆ ಓಡಿದ. "ನೋಡಿ ಸ್ವಾಮಿ, ಇದೊಂದೇ ಕೋಟು! ಹಿಂದೆ ಹೀಗೆ ಕ್ಲಿಪ್ಪು ಹಾಕ್ತೀವಿ. ಕ್ಲಿಪ್ಪು ಹಾರಿ ಭುಜ ಜಾರಿದ್ದು. ನಾನೇ ತೆಗೆದ ಫೋಟೋ!" ಟೀವಿಯ ಹುಡುಗಿ ಮುಗುಳ್ನಕ್ಕು, "ಅದನ್ನ ಆಮೇಲೆ ತಗೋತೀವಿ ಅಂಕಲ್" ಎಂದಳು. ಆಮೇಲೆ ತೆಗೆದುಕೊಳ್ಳಲಿಲ್ಲ.

ಅವರಿಗೆ ಬೇಕಾದವಳು ಅಕ್ಕ. ಅವಳು ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದಳು. ಹುಡುಗಿ ಪಕ್ಕದಲ್ಲಿ ಕೂತು ಮೈಕು ಹಿಡಿದು, "ಅಮ್ಮಾ, ನಿಮ್ಮ ಮಗ ಆ ದಳದಲ್ಲಿ ಇದ್ರಾ?" ಎಂದಳು.

"ಅವನು ಬಾಬಿನ್ ಕೇಸ್ ತರೋಕೆ ಹೋಗಿದ್ದ" ಎಂದಳು ಅಕ್ಕ. "ನನ್ನ ಮಿಷನ್ನಿಂದು ಸವೆದಿತ್ತು."

ಸಂಜೆ ಟೀವಿಯಲ್ಲಿ ಆ ಮಾತು ಬರಲಿಲ್ಲ. ಬೂದು ಬಾಗಿಲು, ಅದರ ಮುಂದೆ ಸುಮ್ಮನೆ ಕೂತ ಅಕ್ಕನ ಮುಖ, ಹಿಂದಿನಿಂದ ಪಿಟೀಲು. ಉಸಿರಣ್ಣ ಟೀವಿ ಆರಿಸಿ, ಆ ಪೆಟ್ಟಿಗೆಗೂ ಅದನ್ನು ಕಂಡುಹಿಡಿದವನಿಗೂ ಬಾಯಿಗೆ ಬಂದಂತೆ ಬೈದ. ಬೈದು ಬೈದು ಸಾಕಾಯಿತು. ಬೈಯಬೇಕಾದವನು ಯಾರೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಮರುದಿನ ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ ಅಕ್ಕ ಸ್ಟುಡಿಯೋದ ಬಾಗಿಲಿಗೆ ಬಂದಳು. ಗಿರಾಕಿಗಳು ನಿಲ್ಲುವ ಜಾಗದಲ್ಲಿ ನಿಂತು, ಸೂಜಿ ಡಬ್ಬಿ ತೆರೆದು, ಮಡಿಸಿದ ಚೀಟಿಯನ್ನು ತೆಗೆದು ಮೇಜಿನ ಮೇಲೆ ಇಟ್ಟಳು. ಮಡಿಕೆಯ ಗೆರೆಯಲ್ಲಿ ಅಕ್ಷರ ಅಳಿಸಿತ್ತು. ನಂಬರು ಮಾತ್ರ ಕಾಣುತ್ತಿತ್ತು, ಉಸಿರಣ್ಣನದೇ ಕೈಬರಹ.

"ಫೋಟೋ ಕೊಡು" ಎಂದಳು.

"ಅವರ ಹತ್ರ ಇದೆ ಅಕ್ಕ. ವಾಪಸ್ ಕಳಿಸಿಲ್ಲ. ನೆಗೆಟಿವ್ ಇದೆ, ಇವತ್ತೇ ಇನ್ನೊಂದು ಹಾಕಿಕೊಡ್ತೀನಿ."

"ನೀನೇ ಕೊಟ್ಟಿದ್ದಾ? ಕೈಯಾರೆ?"

"ಹೂಂ."

"ಯಾಕೋ?"

ಸುಳ್ಳು ಹೇಳಲು ಅವನಿಗೆ ಬಾಯಿ ಬರಲಿಲ್ಲ. "ಆಚೆಗೂ ಹೋಗುತ್ತೆ ಅಂದ್ರು. ಎಲ್ಲಾದ್ರೂ ಇದ್ರೆ ಅವನ ಕಣ್ಣಿಗೆ ಬೀಳುತ್ತೆ ಅಂದ್ಕೊಂಡೆ. ನಿನ್ನಾಣೆ ಅಕ್ಕ, ಅಷ್ಟೇ ಅಂದ್ಕೊಂಡಿದ್ದು. ಊರಿನ ಜನ ಅಂತ ತೋರಿಸ್ತೀವಿ ಅಂದಿದ್ರು. ಹೀಗೆ ಮಾಡ್ತಾರೆ ಅಂತ..." ಮುಂದೆ ಹೇಳಲಾಗದೆ ಗೊಳೋ ಎಂದು ಅತ್ತುಬಿಟ್ಟ. ಐವತ್ತು ದಾಟಿದ ಗಂಡಸು ಗಿರಾಕಿಯ ಸ್ಟೂಲಿನ ಮೇಲೆ ಕುಸಿದು ಚಿಕ್ಕ ಮಗುವಿನ ಹಾಗೆ ಅತ್ತ.

ಅಕ್ಕ ಅವನ ತಲೆಯ ಮೇಲೆ ಕೈ ಇಟ್ಟಳು. ಬೈಯಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

"ಅದು ಸಿನಿಮಾ ಅಂತ ನಂಗೂ ಗೊತ್ತು ಕಣೋ. ನಾನೇನು ಅಷ್ಟು ದಡ್ಡಿಯಾ? ಅವನು ಹೋಗಿಬಿಟ್ಟಿದ್ರೆ ಆ ಮಾತೇ ಬೇರೆ. ಇದ್ರೆ? ನೀನು ಅಂದ್ಕೊಂಡ ಹಾಗೇ ಎಲ್ಲೋ ಕೂತು ಅದನ್ನ ನೋಡಿದ್ರೆ?" ಅಕ್ಕನ ದನಿ ಸ್ವಲ್ಪವೂ ಏರಲಿಲ್ಲ. "ಆ ಕೋಟು ನಾನು ಹೊಲಿದಿದ್ದು. ಫೋಟೋ ನೀನು ತೆಗೆದಿದ್ದು. ಚೀಟಿ ಇಲ್ದೆ ಈ ಸ್ಟುಡಿಯೋದಿಂದ ಫೋಟೋ ಹೊರಗೆ ಹೋಗಲ್ಲ ಅಂತ ಅವನಿಗೆ ಗೊತ್ತು. ಚೀಟಿ ಇರೋದು ಯಾರ ಹತ್ರ? ಕಪ್ಪು ಚೌಕಟ್ಟು ಹಾಕಿಸಿ ಕೊಟ್ಟವರು ಯಾರು ಅಂತ ಅಂದ್ಕೊಳ್ತಾನೆ?"

ಉಸಿರಣ್ಣ ತೋಳಿನಿಂದ ಮೂಗು ಒರೆಸಿಕೊಂಡ.

"ಅಮ್ಮ ನನ್ನ ಲೆಕ್ಕ ಮುಗಿಸಿಬಿಟ್ಲು ಅಂದ್ಕೊಳ್ತಾನೆ. ಇನ್ನು ಯಾರ ಮನೆಗೆ ಬರ್ತಾನೆ?"

ಅವಳು ಚೀಟಿಯನ್ನು ಮೇಜಿನ ಮೇಲೆಯೇ ಬಿಟ್ಟು, ಸೂಜಿ ಡಬ್ಬಿಯ ಮುಚ್ಚಳ ಹಾಕಿದಳು. "ನೆಗೆಟಿವ್ ಬೇಡ. ಏನೂ ಬೇಡ" ಎಂದಳು. ಹೋಗುವಾಗ ಗೂಟದಲ್ಲಿ ತೂಗುತ್ತಿದ್ದ ಕೋಟನ್ನು ತೆಗೆದು ತೋಳಿನ ಮೇಲೆ ಹಾಕಿಕೊಂಡು ಹೋದಳು.

ಸ್ವಲ್ಪ ಹೊತ್ತಿಗೆ ಆ ಕಡೆ ಕುರ್ಚಿ ಎಳೆದ ಸದ್ದಾಯಿತು. ಬ್ಲೇಡಿನಿಂದ ಹೊಲಿಗೆ ಬಿಚ್ಚುವ ಸಣ್ಣ ಸದ್ದು, ದಾರ ಎಳೆದು ಕಿತ್ತ ಸದ್ದು. ತೋಳು ಬೇರೆ, ಬೆನ್ನು ಬೇರೆ, ಜೇಬು ಬೇರೆ. ಉಸಿರಣ್ಣನಿಗೆ ನೋಡದೆಯೇ ತಿಳಿಯುತ್ತಿತ್ತು. ಆಮೇಲೆ ನಾಲ್ಕು ದಿನದಿಂದ ಬಿದ್ದ ರಾಶಿಯಿಂದ ಯಾವುದೋ ಬಟ್ಟೆ ಕೈಗೆತ್ತಿಕೊಂಡಳೆಂದು ಕಾಣುತ್ತದೆ, ಮಿಷನ್ನು ಶುರುವಾಯಿತು. ಟರಟರ ಟರಟರ. ಆ ಸದ್ದು ಕೇಳಿ ಅವನಿಗೆ ಒಂದಿಷ್ಟು ಜೀವ ಬಂತು. ಮುಖ ತೊಳೆದುಕೊಂಡು ಗೋಡೆಯ ಗಡಿಯಾರ ನೋಡಿದ. ನಾಲ್ಕಕ್ಕೆ ಐದು ನಿಮಿಷ.

ಅವನು ಹಲಗೆಯ ಹತ್ತಿರ ಹೋಗಿ ನಿಂತ. ಮುಳ್ಳು ನಾಲ್ಕಕ್ಕೆ ಬಂತು. ಬೀದಿಯ ತಿರುವಿನಲ್ಲಿ ಬಸ್ಸು ಹಾರ್ನ್ ಹೊಡೆಯಿತು. ಮಿಷನ್ನು ನಿಲ್ಲಲಿಲ್ಲ. ಬಸ್ಸು ಬಂದು ಎದುರಿಗೆ ನಿಂತಿತು, ಬಾಗಿಲು ತೆರೆಯಿತು, ಯಾರೋ ಯಾರನ್ನೋ ಕೂಗಿದರು. ಮಿಷನ್ನು ಒಂದೇ ಸಮನೆ ಓಡುತ್ತಿತ್ತು.

ಉಸಿರಣ್ಣ ಚಪ್ಪಲಿ ಮೆಟ್ಟದೆ ಬೀದಿಗೆ ಓಡಿದ. ಬಸ್ಸಿನಿಂದ ಐದು ಜನ ಇಳಿದರು. ಒಬ್ಬೊಬ್ಬರ ಮುಖವನ್ನೂ ನೋಡಿದ. ಕೊನೆಯವನು ಇಳಿದು, ಬಸ್ಸು ಹೊರಟುಹೋಗಿ, ಧೂಳು ಕೂತರೂ ಅವನು ಅಲ್ಲೇ ನಿಂತಿದ್ದ. ಮರುದಿನ ನಾಲ್ಕಕ್ಕೂ ಸ್ಟುಡಿಯೋ ಬಾಗಿಲು ಎಳೆದುಕೊಂಡು ಬಂದು ಅಲ್ಲೇ ನಿಂತ. ಚೀಟಿ ಅವನ ಅಂಗಿ ಜೇಬಿನಲ್ಲಿತ್ತು.